ಮನೆಯವರಿಗೆ ವಾರಕ್ಕೊಂದು ಕಾರ್ಡು

ಭಾನುವಾರ ಬೆಳಗಿನ ಕಾಫಿ ಆದ ಮೇಲೆ ನಾನು ಒಂದು ಪೋಸ್ಟ್ ಕಾರ್ಡ್ ಬರೆಯುತ್ತೇನೆ. ವಾರಕ್ಕೆ ಒಂದೇ. ಯಾರಾದರೂ ಒಬ್ಬರಿಗೆ, ಅವರು ನನಗಾಗಿ ಮಾಡಿದ ಒಂದು ಚಿಕ್ಕ ಕೆಲಸವನ್ನು ನೆನೆದು. ಅಣ್ಣ, ಅತ್ತೆ, ಮಗಳು, ಕಾಲೇಜಿನ ಗೆಳತಿ, ಚಿಕ್ಕಮ್ಮ, ಹೀಗೆ ಒಂದು ಸುತ್ತು ಮುಗಿದರೆ ಮತ್ತೆ ಅಣ್ಣ. ಕೆಲವು ವರ್ಷಗಳಿಂದ ಇದು ನಡೆದುಕೊಂಡು ಬಂದಿದೆ. ಹೇಗೆ ಬರೆಯುತ್ತೇನೆ, ಬರೆದದ್ದರಿಂದ ಏನಾಯಿತು ಅನ್ನೋದನ್ನ ಹೇಳಬೇಕು ಅನಿಸಿದೆ. ಕೇಳಿದವರೂ ಇದ್ದಾರೆ.

ನಮ್ಮ ಕಡೆ ಮನೆಯವರಿಗೆ ಬಾಯಿಬಿಟ್ಟು ಥ್ಯಾಂಕ್ಸ್ ಹೇಳುವ ರೂಢಿ ಇಲ್ಲ. ಊಟ ಬಡಿಸಿದ ಅಮ್ಮನಿಗೆ ಹೇಳಿದರೆ 'ನಾನೇನು ಹೊರಗಿನವಳಾ?' ಅಂತ ಅವರಿಗೇ ಬೇಜಾರಾಗುತ್ತದೆ. ಹಾಗಂತ ಉಪಕಾರ ನೆನೆಯದ ಜನ ಅಲ್ಲ ನಾವು. ಪಕ್ಕದ ಮನೆಯಿಂದ ಪಾಯಸ ಬಂದ ಡಬ್ಬಿಯನ್ನು ಖಾಲಿ ವಾಪಸ್ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಊರಲ್ಲಿ ಇವತ್ತು ಅವರ ಗದ್ದೆ ನಾಟಿಗೆ ನಾವು ಹೋದರೆ ನಾಳೆ ನಮ್ಮ ಗದ್ದೆಗೆ ಅವರು ಬರುತ್ತಾರೆ, ಮುಯ್ಯಾಳಾಗಿ. ಸಂಕ್ರಾಂತಿಗೆ ಎಳ್ಳು ಬೀರುತ್ತೇವೆ. ನಮ್ಮಲ್ಲಿ ಉಪಕಾರಕ್ಕೆ ಕೈಯೇ ಉತ್ತರ ಕೊಡುತ್ತದೆ, ಬಾಯಲ್ಲ. ಇದು ಬಹಳ ಒಳ್ಳೆಯ ಪದ್ಧತಿ ಅಂತಲೇ ನಾನು ನಂಬುತ್ತೇನೆ.

ಆದರೆ ಡಬ್ಬಿ ವಾಪಸ್ ಕೊಡಬೇಕಾದರೆ ಮನೆ ಪಕ್ಕದಲ್ಲಿರಬೇಕು, ಅಲ್ವಾ? ಈಗ ಅಣ್ಣ ಅರಕಲಗೂಡಿನ ಹತ್ತಿರದ ಊರಲ್ಲಿ, ಗೆಳತಿ ಶಿರಸಿಯಲ್ಲಿ, ಮಗಳು ಧಾರವಾಡದ ಹಾಸ್ಟೆಲ್‌ನಲ್ಲಿ, ನಾವು ಮೈಸೂರಿನಲ್ಲಿ. ಕೈಯಿಂದ ತೀರಿಸುವ ಅವಕಾಶ ವರ್ಷಕ್ಕೆ ಎಲ್ಲೋ ಒಂದೆರಡು ಸಲ. ಬಾಯಿಯಂತೂ ಮೊದಲಿನಿಂದಲೂ ಬಿಗಿ. ಹೀಗೆ ಎಷ್ಟೋ ಮಾತು ಹೇಳದೇ ಉಳಿದುಹೋಗುತ್ತವೆ. ನಮ್ಮ ತಂದೆ ಹೋದ ಮೇಲೆ ಇದು ನನಗೆ ಗಟ್ಟಿಯಾಗಿ ತಟ್ಟಿತು. ಅವರ ಬಗ್ಗೆ ಬಂದವರೆಲ್ಲ ಎಷ್ಟು ಚೆಂದದ ಮಾತಾಡಿದರು! 'ನನ್ನ ಫೀಸು ಕಟ್ಟಿದ್ದು ಅವರೇ' ಅಂದವರಿದ್ದರು. 'ಮದುವೆಗೆ ತೆಂಗಿನಕಾಯಿ ಕಳಿಸಿದ್ದರು' ಅಂದವರಿದ್ದರು. ಅದನ್ನೆಲ್ಲ ಕೇಳಬೇಕಾಗಿದ್ದವರು ಮಾತ್ರ ಇರಲಿಲ್ಲ.

ಪೋಸ್ಟ್ ಕಾರ್ಡೇ ಯಾಕೆ ಅಂತ ಮಗಳು ಕೇಳಿದ್ದಳು. ವಾಟ್ಸಾಪ್ ಮೆಸೇಜು ಮಧ್ಯಾಹ್ನದ ಹೊತ್ತಿಗೆ ಮೇಲಕ್ಕೆ ಹೋಗಿಬಿಡುತ್ತದೆ. ಫೋನಿನಲ್ಲಿ ಹೇಳಲು ಹೋದರೆ ಇಬ್ಬರಿಗೂ ಸಂಕೋಚ, ಮಾತು ಮಳೆ ಬೆಳೆಗೆ ತಿರುಗುತ್ತದೆ. ಕಾರ್ಡಿನಲ್ಲಿ ಆ ತೊಂದರೆ ಇಲ್ಲ. ಓದುವವರ ಮುಖ ನಮಗೆ ಕಾಣುವುದಿಲ್ಲ, ನಮ್ಮದು ಅವರಿಗೆ ಕಾಣುವುದಿಲ್ಲ. ಜಾಗವೂ ಕಡಿಮೆ, ಹಾಗಾಗಿ ಉದ್ದುದ್ದ ಹೊಗಳಿಕೆಗೆ ದಾರಿಯೇ ಇಲ್ಲ. ನಮ್ಮ ದೇಶದಲ್ಲಿ ಪೋಸ್ಟ್ ಕಾರ್ಡ್ ಶುರುವಾದದ್ದು 1879ರ ಜುಲೈ 1ರಂದು. ಆಗ ಕಾಲು ಆಣೆ. ನಾನು ಕೊಳ್ಳುವುದು 50 ಪೈಸೆಗೆ. ಇವತ್ತು 50 ಪೈಸೆಗೆ ಬೇರೆ ಏನು ಬರುತ್ತದೆ ಹೇಳಿ.

ಬರೆಯುವ ಕ್ರಮವನ್ನು ಹಳೆಯ ಕಾಗದಗಳಿಂದಲೇ ತೆಗೆದುಕೊಂಡೆ. ತಾತನ ಪೆಟ್ಟಿಗೆಯಲ್ಲಿದ್ದ ಕಾರ್ಡುಗಳೆಲ್ಲ 'ಉಭಯ ಕುಶಲೋಪರಿ ಸಾಂಪ್ರತ' ಅಂತ ಶುರುವಾಗುತ್ತಿದ್ದವು. 'ಇತ್ತ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಕಾಗದ ಬರೆಯುವುದು' ಅಂತ ಮುಂದುವರಿಯುತ್ತಿದ್ದವು. ಶುಭ ಸಮಾಚಾರವಾದರೆ ಮೂಲೆಗೆ ಅರಿಶಿನ. ನಾನು ಅಷ್ಟು ದೂರ ಹೋಗುವುದಿಲ್ಲ. ಆದರೆ ದೊಡ್ಡವರಿಗೆ ನಮಸ್ಕಾರ, ಚಿಕ್ಕವರಿಗೆ ಆಶೀರ್ವಾದ ಬಿಡುವುದಿಲ್ಲ. ಆ ಒಂದು ಸಾಲು ಬರೆದ ಕೂಡಲೇ ಕೈಗೆ ಧೈರ್ಯ ಬರುತ್ತದೆ, ಉಳಿದದ್ದು ತಾನಾಗಿ ಬರುತ್ತದೆ.

ನಾನು ಪಾಲಿಸುವ ಮುಖ್ಯ ನಿಯಮ ಒಂದೇ. 'ನೀವು ನನಗೆ ಎಷ್ಟೆಲ್ಲ ಮಾಡಿದ್ದೀರಿ' ಅಂತ ಬರೆಯುವುದಿಲ್ಲ. ಒಂದು ದಿನ, ಒಂದು ಕೆಲಸ, ಅದರಿಂದ ನನಗೆ ಏನಾಯಿತು, ಇಷ್ಟೇ. ಅಣ್ಣನಿಗೆ ಬರೆದ ಒಂದು ಕಾರ್ಡು ಹೀಗಿತ್ತು.

'ಅಣ್ಣನಿಗೆ ನಮಸ್ಕಾರಗಳು. ಬಸ್ಸಿಗೆ ಹತ್ತಿಸುವಾಗ ನೀನು ನನ್ನ ಚೀಲದ ತಳದಲ್ಲಿ ಅವರೆಕಾಯಿ ತುಂಬಿಸಿಟ್ಟಿದ್ದೆ, ಒಂದು ಮಾತೂ ಹೇಳಲಿಲ್ಲ. ಮನೆಗೆ ಬಂದು ಚೀಲ ಬಿಚ್ಚಿದರೆ ಸೊಗಡು ಅಡುಗೆಮನೆಯೆಲ್ಲ ತುಂಬಿತು. ಮರುದಿನ ಎಲ್ಲರೂ ಕೂತು ಕಾಳು ಹಿತಕಿದೆವು. ಸಾರಿಗೆ ಮುದ್ದೆ ಸಾಲದೆ ಬಂತು. ಕೊಯ್ಲಿನ ಗಡಿಬಿಡಿಯಲ್ಲೂ ನೆನಪಿಟ್ಟುಕೊಂಡು ಕೊಯ್ದಿಟ್ಟಿದ್ದೆಯಲ್ಲ, ಅದಕ್ಕೆ ಈ ಕಾಗದ.'

ಅಣ್ಣ ಉತ್ತರ ಬರೆಯಲಿಲ್ಲ, ಫೋನೂ ಮಾಡಲಿಲ್ಲ. ಆದರೆ ಅತ್ತಿಗೆ ಹೇಳಿದರು. 'ನಿಮ್ಮಣ್ಣ ಆ ಕಾರ್ಡನ್ನ ಪಹಣಿ, ಟ್ರ್ಯಾಕ್ಟರ್ ಕಾಗದಪತ್ರ ಇಡೋ ಕವರಿನಲ್ಲಿ ಇಟ್ಕೊಂಡಿದ್ದಾರೆ ಕಣಮ್ಮ.' ಅಣ್ಣ ಆ ಕವರಿನಲ್ಲಿ ಬೇಡದ ಕಾಗದ ಇಡುವವರಲ್ಲ. ಅದು ನನಗೆ ಸಾಕು.

ಒಂದೇ ಮನೆಯಲ್ಲಿರುವ ಅತ್ತೆಗೂ ಅಂಚೆಯಲ್ಲೇ ಕಳಿಸುತ್ತೇನೆ. ಇದು ಕೆಲವರಿಗೆ ವಿಚಿತ್ರ ಅನಿಸಬಹುದು. ಆದರೆ ಅವರ ಹೆಸರಿಗೆ ಅಂಚೆ ಬಂದು ಎಷ್ಟು ವರ್ಷವಾಗಿತ್ತೋ! ಬರುವುದೆಲ್ಲ ನಮ್ಮ ಹೆಸರಿಗೆ, ಅದೂ ಬ್ಯಾಂಕಿನವು. ಅತ್ತೆಗೆ ಬರೆದದ್ದು ಕಾಫಿಯ ಬಗ್ಗೆ. ರಾತ್ರಿ ಮಲಗುವ ಮುಂಚೆ ಅವರು ಫಿಲ್ಟರಿಗೆ ಪುಡಿ ಹಾಕಿ ಕುದಿನೀರು ಸುರಿದಿಡುತ್ತಾರೆ. ಬೆಳಿಗ್ಗೆ ನಾನು ಏಳುವ ಹೊತ್ತಿಗೆ ಡಿಕಾಕ್ಷನ್ ಇಳಿದಿರುತ್ತದೆ. ಮಂಡಿನೋವು ಜಾಸ್ತಿಯಾದ ದಿನವೂ ತಪ್ಪಿಸಿಲ್ಲ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮೊದಲ ಪೀರಿಯಡ್ಡೇ ನನ್ನದು. ಆ ಕಾಫಿ ಕುಡಿದು ಹೊರಟರೆ ತರಗತಿಗೆ ಹೋಗುವಾಗ ಮುಖದಲ್ಲಿ ನಗು ಇರುತ್ತದೆ ಅಂತ ಬರೆದೆ. ಅತ್ತೆ ಕನ್ನಡಕ ಹಾಕಿಕೊಂಡು ಓದಿದರು. ಮತ್ತೆ ಓದಿದರು. ಏನೂ ಹೇಳಲಿಲ್ಲ. ಮರುದಿನ ಬೆಳಿಗ್ಗೆ ಒತ್ತುಶಾವಿಗೆ, ಕಾಯಿಹಾಲಿಗೆ ತಯಾರಿ ನಡೆಸಿದ್ದರು. ನಾನಾಗ ಶಾವಿಗೆ ಒರಳು ಒತ್ತಲು ಕೂತೆ, ಅವರು ಹಳೆಯ ಕಥೆ ಶುರುಮಾಡಿದರು. ಅವರು ಮದುವೆಯಾಗಿ ಬಂದ ಹೊಸದರಲ್ಲಿ ತಮ್ಮ ಅತ್ತೆಗೆ ಕಾಫಿ ಮಾಡಿಕೊಡುತ್ತಿದ್ದ ಕಥೆ. ಅಷ್ಟು ವರ್ಷ ಜೊತೆಗಿದ್ದರೂ ನಾನು ಅದನ್ನು ಕೇಳಿರಲಿಲ್ಲ.

ಎಲ್ಲವನ್ನೂ ಕಾರ್ಡಿನಲ್ಲಿ ಬರೆಯಲು ಆಗುವುದಿಲ್ಲ. ಅದು ತೆರೆದ ಕಾಗದ, ದಾರಿಯಲ್ಲಿ ಯಾರು ಬೇಕಾದರೂ ಓದಬಹುದು. ನೋವಿನ ವಿಷಯ, ಮನೆಯ ಒಳಗಿನ ವಿಷಯ ಇದ್ದರೆ ಇನ್‌ಲ್ಯಾಂಡ್ ಲೆಟರ್ ತೆಗೆದುಕೊಳ್ಳುತ್ತೇನೆ. ಎರಡೂವರೆ ರೂಪಾಯಿ, ಮಡಚಿ ಅಂಟಿಸಬಹುದು. ಶಿರಸಿಯ ಗೆಳತಿಗೆ ಬರೆದದ್ದು ಅದರಲ್ಲೇ. ತಂದೆ ಆಸ್ಪತ್ರೆಯಲ್ಲಿದ್ದಾಗ ಅವಳು ರಾತ್ರಿ ಬಸ್ಸು ಹಿಡಿದು ಬಂದಿದ್ದಳು. ಕೈಯಲ್ಲಿ ಫ್ಲಾಸ್ಕಿನಲ್ಲಿ ಗಂಜಿ, ಒಂದು ಮೊಬೈಲ್ ಚಾರ್ಜರ್, ಒಂದು ಶಾಲು. 'ಧೈರ್ಯವಾಗಿರು' ಅಂತೆಲ್ಲ ಹೇಳಲಿಲ್ಲ. ವಾರ್ಡಿನ ಹೊರಗಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಳು. 'ನೀನು ಸ್ವಲ್ಪ ಮಲಗು, ಡಾಕ್ಟ್ರು ಬಂದರೆ ಎಬ್ಬಿಸ್ತೀನಿ' ಅಂದಳು. ನಾನು ಮಲಗಿದೆ. ಆ ವಾರದಲ್ಲಿ ನಾನು ನಿದ್ದೆ ಮಾಡಿದ್ದು ಆವತ್ತೇ. ಇದನ್ನು ಬರೆದು ಕಳಿಸಿದಾಗ ಘಟನೆ ನಡೆದು ವರ್ಷಗಳೇ ಆಗಿದ್ದವು. ಅವಳು ಫೋನ್ ಮಾಡಿ, 'ಅವತ್ತು ನಿನಗೆ ಏನೂ ಮಾಡೋಕಾಗಲಿಲ್ಲ, ಸುಮ್ನೆ ಕೂತು ಬಂದೆ ಅಂತ ನನಗೆ ಇವತ್ತಿನವರೆಗೂ ಕೊರಗಿತ್ತು ಕಣೇ' ಅಂದಳು. ನನಗೆ ಮಾತೇ ಹೊರಡಲಿಲ್ಲ. ನನಗೆ ಅಷ್ಟು ದೊಡ್ಡದಾದ ಉಪಕಾರ ಅವಳಿಗೆ ಕೊರಗಾಗಿ ಉಳಿದಿತ್ತಲ್ಲ!

ಈ ಬಗ್ಗೆ ಸಂಶೋಧನೆಯೂ ನಡೆದಿದೆ ಅಂತ ಆಮೇಲೆ ಓದಿದೆ. ಅಮೆರಿಕದ ಅಮಿತ್ ಕುಮಾರ್ ಮತ್ತು ನಿಕೊಲಸ್ ಎಪ್ಲಿ ಅನ್ನುವ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕೃತಜ್ಞತೆಯ ಪತ್ರ ಬರೆದವರನ್ನೂ ಅದನ್ನು ಪಡೆದವರನ್ನೂ ಕೇಳಿ ನೋಡಿದರು. ಓದಿದವರಿಗೆ ಮುಜುಗರ ಆಗಬಹುದು ಅಂತ ಬರೆದವರು ಜಾಸ್ತಿ ಅಂದುಕೊಂಡಿದ್ದರು. ಅವರಿಗೆ ಆಗುವ ಸಂತೋಷವನ್ನು ಕಡಿಮೆ ಅಂದುಕೊಂಡಿದ್ದರು. ನನ್ನ ಅಣ್ಣ, ಅತ್ತೆ, ಗೆಳತಿ ಮೂವರಲ್ಲೂ ನಾನು ಕಂಡದ್ದು ಇದನ್ನೇ. ನಾವು ಹೆದರುವ ಸಂಕೋಚ ನಮ್ಮ ಕಡೆಯದು. ಅವರ ಕಡೆ ಅಷ್ಟಿರುವುದಿಲ್ಲ.

ವಾರಕ್ಕೆ ಒಂದೇ ಯಾಕೆ ಅನ್ನುವುದಕ್ಕೂ ಕಾರಣ ಇದೆ. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲೋ ಅನ್ನುವ ಮನಶ್ಶಾಸ್ತ್ರಜ್ಞರು ಕಾಲೇಜು ವಿದ್ಯಾರ್ಥಿಗಳ ಕೈಯಲ್ಲಿ ಹತ್ತು ವಾರ ಪಟ್ಟಿ ಬರೆಸಿದ್ದರು. ಒಂದು ಗುಂಪು ಆ ವಾರದ ಉಪಕಾರಗಳನ್ನು ಬರೆಯಬೇಕು, ಒಂದು ಗುಂಪು ಕಿರಿಕಿರಿಗಳನ್ನು, ಇನ್ನೊಂದು ಸಾಮಾನ್ಯ ಘಟನೆಗಳನ್ನು. ಉಪಕಾರ ಬರೆದವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು. ಸೋನ್ಯಾ ಲ್ಯುಬೊಮಿರ್ಸ್ಕಿ ಅನ್ನುವ ಮನಶ್ಶಾಸ್ತ್ರಜ್ಞೆಯ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೊಮ್ಮೆ ಬರೆದವರಿಗೆ ಲಾಭವಾಯಿತು, ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ದಿನಾ ಮಾಡಿದರೆ ಅದು ಮಕ್ಕಳ ಕಾಪಿ ಬರವಣಿಗೆಯ ಹಾಗೆ ಆಗಿಬಿಡುತ್ತದೆ, ಕೈ ಓಡುತ್ತದೆ, ಮನಸ್ಸು ಓಡುವುದಿಲ್ಲ. ವಾರವಿಡೀ ಹುಡುಕಿ ಒಂದನ್ನು ಆರಿಸುವುದರಲ್ಲೇ ಇದರ ಅರ್ಧ ಸುಖ ಇದೆ. ಗುರುವಾರದ ಹೊತ್ತಿಗೆ ಯಾರಿಗೆ ಬರೆಯಲಿ ಅಂತ ತಲೆಯಲ್ಲಿ ಓಡಲು ಶುರುವಾಗುತ್ತದೆ. ಹಾಗೆ ಹುಡುಕುವಾಗ ಕಣ್ಣಿಗೆ ಬೀಳುವುದೂ ಜಾಸ್ತಿ. ನಮ್ಮ ಮನೆಯವರು ನನ್ನ ಸ್ಕೂಟರಿನ ಟೈರಿಗೆ ಗಾಳಿ ಹಾಕಿಸಿಕೊಂಡು ಬರುತ್ತಾರೆ, ಹೇಳುವುದೇ ಇಲ್ಲ. ಇದು ಎಷ್ಟು ವರ್ಷಗಳಿಂದ ನಡೆಯುತ್ತಿತ್ತೋ, ನನಗೆ ಕಂಡದ್ದು ಕಾರ್ಡು ಬರೆಯಲು ಶುರುಮಾಡಿದ ಮೇಲೆ.

ವಿಳಾಸವೇ ಇಲ್ಲದ ಸಂತೋಷಗಳೂ ಇವೆಯಲ್ಲ, ಅವಕ್ಕೆ ಒಂದು ಪುಸ್ತಕ ಇಟ್ಟಿದ್ದೇನೆ. ಹಾಲಿನ ಲೆಕ್ಕ ಬರೆಯುವ ಪುಸ್ತಕವೇ ಅದು, ಕೊನೆಯ ಹಾಳೆಗಳು ಇದಕ್ಕೆ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ನಡೆಯುವಾಗ ಹೆಜ್ಜಾರ್ಲೆಗಳು ಸಾಲಾಗಿ ನೀರಿಗಿಳಿದದ್ದು. ದೇವರಾಜ ಮಾರುಕಟ್ಟೆಯ ಹೂವಿನ ಸಾಲಿನಲ್ಲಿ ಮಲ್ಲಿಗೆ ಅಳೆಯುವ ಅಜ್ಜಿ ಮೊಳದ ಮೇಲೆ ಇನ್ನೊಂದು ಗೇಣು ಬಿಟ್ಟದ್ದು. ಮೊದಲ ಮಳೆಗೆ ಕರೆಂಟು ಹೋಗಿ ಎಲ್ಲರೂ ಜಗಲಿಗೆ ಬಂದದ್ದು. ಇದನ್ನು ಹಾಲು ಹಾಕುವ ಹುಡುಗನ ಲೆಕ್ಕದ ಪಕ್ಕದಲ್ಲೇ ಬರೆಯುತ್ತೇನೆ. ಒಂದೊಂದು ಸಾಲು. ಇದಕ್ಕೆ ದಿನ, ವಾರದ ಕಟ್ಟಳೆ ಇಲ್ಲ. ಹೂವಿನ ಅಜ್ಜಿಗೆ ಮಾತ್ರ ಬಾಯಲ್ಲೇ ಹೇಳುತ್ತೇನೆ. 'ನೀವು ಕೊಟ್ಟ ಹೂವು ಸಂಜೆವರೆಗೂ ಘಮ್ ಅಂತಿತ್ತಜ್ಜಿ' ಅಂದರೆ ಆಕೆಗೆ ಆಗುವ ಖುಷಿಯನ್ನು ನೋಡಬೇಕು.

ಒಂದು ವಿಷಯ ಬಿಡಿಸಿ ಹೇಳಬೇಕು. 'ಇರೋದಕ್ಕೆ ಖುಷಿಪಡು, ಅಡ್ಜಸ್ಟ್ ಮಾಡ್ಕೋ' ಅಂತ ಹೆಣ್ಣುಮಕ್ಕಳಿಗೆ ಹೇಳುವುದಿದೆ. ನಾನು ಹೇಳುತ್ತಿರುವುದು ಅದಲ್ಲ. ಹೊಡೆಯುವ, ಬಯ್ಯುವ, ದುಡಿಸಿಕೊಂಡು ಕಡೆಗಣಿಸುವ ಮನೆಯಲ್ಲಿ ಇರುವವಳಿಗೆ ಕಾರ್ಡು ಬರೆ ಅಂತ ನಾನು ಯಾವತ್ತೂ ಹೇಳುವುದಿಲ್ಲ. ಅವಳಿಗೆ ಬೇಕಾದದ್ದು ನೆರವು, ಜೊತೆಗೆ ನಿಲ್ಲುವ ಜನ. ನನ್ನ ಕ್ಲಾಸಿನ ಮಕ್ಕಳಿಗೂ 'ಅಪ್ಪ ಅಮ್ಮ ಎಷ್ಟು ಕಷ್ಟಪಟ್ಟಿದ್ದಾರೆ ನೋಡು' ಅಂತ ಹೇಳಿ ಬಾಯಿ ಮುಚ್ಚಿಸುವುದಿಲ್ಲ. ಬಲವಂತದಿಂದ ಹೊರಡಿಸಿದ ಧನ್ಯವಾದ ಹೇಳುವವರಿಗೂ ಬೇಡ, ಕೇಳುವವರಿಗೂ ಬೇಡ. ದುಃಖದ ದಿನಗಳಲ್ಲೂ ಅಷ್ಟೆ. ತಂದೆ ತೀರಿಕೊಂಡ ವರ್ಷ ಎಷ್ಟೋ ದಿನ ಹಾಲಿನ ಲೆಕ್ಕವನ್ನೇ ಬರೆಯಲಿಲ್ಲ, ಇನ್ನು ಸಂತೋಷ ಎಲ್ಲಿ ಬರೆಯಲಿ. ಯಾರೂ ಕೇಳಲಿಲ್ಲ, ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಮಗಳ ವಿಷಯ ಹೇಳದಿದ್ದರೆ ಅವಳಿಗೆ ಬೇಜಾರಾಗುತ್ತದೆ. ಅವಳಿಗೆ ಮೊದಲ ಕಾರ್ಡು ಹೋದಾಗ ಹಾಸ್ಟೆಲ್‌ನಲ್ಲಿ ಎಲ್ಲರೂ ಕೈಯಿಂದ ಕೈಗೆ ದಾಟಿಸಿ ನೋಡಿದರಂತೆ. ರಜೆಗೆ ಬಂದಾಗ ಅಜ್ಜಿಯ ಕಾಲಿಗೆ ಎಣ್ಣೆ ತಿಕ್ಕಿದ್ದಳು, ಅದನ್ನೇ ಬರೆದಿದ್ದೆ. ಈಗ ಅವಳೂ ಬರೆಯುತ್ತಾಳೆ. ನನಗಲ್ಲ, ಹಾಸ್ಟೆಲ್ಲಿನ ಅಡುಗೆಯವರಿಗೆ. ಹುಷಾರಿಲ್ಲದಾಗ ಅವರು ಮೆತ್ತಗಿನ ಅನ್ನ, ತಿಳಿಸಾರು ಬೇರೆ ಮಾಡಿಕೊಟ್ಟಿದ್ದರಂತೆ. ಅಂಚೆಗೆ ಹಾಕದೆ ಕೈಯಲ್ಲೇ ಕೊಟ್ಟಳಂತೆ. ಅದೂ ಸರಿಯೇ.

ಶುರುಮಾಡುವವರಿಗೆ ಎರಡು ಮಾತು. ಚಿಕ್ಕ ಅಂಚೆ ಕಚೇರಿಗಳಲ್ಲಿ ಕೆಲವೊಮ್ಮೆ ಕಾರ್ಡು ಇರುವುದಿಲ್ಲ. ಹೆಡ್ ಪೋಸ್ಟ್ ಆಫೀಸಿಗೆ ಹೋದಾಗ ಒಂದು ಕಟ್ಟು ತಂದಿಟ್ಟುಕೊಂಡರೆ ಒಳ್ಳೆಯದು. ಪಿನ್ ಕೋಡ್ ಆರು ಅಂಕಿಯೂ ಸರಿಯಾಗಿ ಬರೆಯಿರಿ. ಒಂದೇ ಹೆಸರಿನ ಊರುಗಳು ನಮ್ಮಲ್ಲಿ ಬೇಕಾದಷ್ಟಿವೆ, ಅದಿಲ್ಲದಿದ್ದರೆ ಕಾಗದ ಊರೂರು ಸುತ್ತುತ್ತದೆ. ಮೊದಲ ಕಾರ್ಡನ್ನು ತೀರಾ ಹತ್ತಿರದವರಿಗೆ ಬರೆಯಬೇಡಿ, ಕೈ ನಡುಗುತ್ತದೆ. ಹಳೆಯ ಮೇಷ್ಟ್ರಿಗೋ, ದೂರದ ಸೋದರತ್ತೆಗೋ ಬರೆದರೆ ಸುಲಭ. ಉತ್ತರಕ್ಕೆ ಕಾಯಬೇಡಿ. ಬಂದರೆ ಬರಲಿ.

ಈ ಭಾನುವಾರ ನನ್ನ ಕಾರ್ಡು ಸೋದರಮಾವನಿಗೆ. ನಾನು ಹೈಸ್ಕೂಲಿಗೆ ಸೇರಿದಾಗ ಜಾಮಿಟ್ರಿ ಬಾಕ್ಸ್ ತಂದುಕೊಟ್ಟವರು ಅವರು. ಅದರಲ್ಲಿದ್ದ ಕೈವಾರದಿಂದ ವೃತ್ತ ಎಳೆಯುತ್ತಾ ಎಳೆಯುತ್ತಾ ಗಣಿತ ಇಷ್ಟವಾಯಿತು ಅಂತ ಅವರಿಗೆ ಗೊತ್ತೇ ಇಲ್ಲ. ಅವರಿಗೀಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ದಪ್ಪ ಅಕ್ಷರದಲ್ಲಿ ಬರೆಯಬೇಕು, ಹಾಗಾಗಿ ನಾಲ್ಕು ಸಾಲಿಗೆ ಮಾತ್ರ ಜಾಗ.