ಹಾರ್ಡ್ ಡಿಸ್ಕ್ ಬಿಡಿ, ಉಪ್ಪಿನಕಾಯಿ ಒಯ್ಯಿರಿ

ಜುಲೈನಲ್ಲಿ ರಜೆಗೆಂದು ಶಿರಸಿಗೆ ಬಂದೆನೆಂದರೆ ಮನೆಗೆ ಯಾರಾದರೂ ಬಂದೇ ಬರುತ್ತಾರೆ. ಮಗನೋ ಮಗಳೋ ಓದಲು ಅಮೆರಿಕಕ್ಕೆ ಹೊರಟಿರುತ್ತಾರೆ. ಹೊರಗೆ ಧೋ ಎಂದು ಮಳೆ, ಒಳಗೆ ಬಿಸಿ ಕಷಾಯ. ಕುಕ್ಕರ್ ಒಯ್ಯಬೇಕಾ? ಮಾವಿನ ಮಿಡಿ ಉಪ್ಪಿನಕಾಯಿ ಬಿಡ್ತಾರಾ? ಈ ಸಲ ಕುಮಟಾದಿಂದ ಬಂದ ಹುಡುಗನೊಬ್ಬ ಜೇಬಿನಿಂದ ಹಾರ್ಡ್ ಡಿಸ್ಕ್ ತೆಗೆದು ತೋರಿಸಿದ. "ಅಣ್ಣ, ಎರಡು ವರ್ಷಕ್ಕೆ ಸಾಕಾಗುವಷ್ಟು ಸಿನಿಮಾ ತುಂಬಿಸಿದ್ದೇನೆ. ಜಾಸ್ತಿ ಲವ್ ಸ್ಟೋರಿಗಳೇ." ಅವನಿಗೆ ಹೇಳಿದ್ದನ್ನೇ ಹೊರಡಲಿರುವ ಉಳಿದವರಿಗೂ ಹೇಳುತ್ತಿದ್ದೇನೆ.

ನೀವು ಕಟ್ಟುವ ಫೀಸಿನಲ್ಲಿ ಯೂನಿವರ್ಸಿಟಿ ಲೈಬ್ರರಿಯೂ ಸೇರಿದೆ. ನಮ್ಮವರು ಲೈಬ್ರರಿ ಎಂದರೆ ಪುಸ್ತಕ ಎಂದುಕೊಂಡು ಅಷ್ಟಕ್ಕೇ ಬಿಡುತ್ತಾರೆ. ಅಲ್ಲಿ ಸಿನಿಮಾಗಳೂ ರಾಶಿ ಇರುತ್ತವೆ. ಎಷ್ಟೋ ಯೂನಿವರ್ಸಿಟಿಗಳು ಆನ್‌ಲೈನಿನಲ್ಲಿ ಸಿನಿಮಾ ತೋರಿಸುವ ಕ್ಯಾನೊಪಿ ಎಂಬ ಸೇವೆಗೆ ದುಡ್ಡು ಕಟ್ಟಿರುತ್ತವೆ. ಕಾಲೇಜಿನ ಐಡಿಯಿಂದ ಲಾಗಿನ್ ಆದರೆ ಸಾಕು. ಎಲ್ಲ ಸಿನಿಮಾವೂ ತೆರೆಯುವುದಿಲ್ಲ. ಕೆಲವಕ್ಕೆ ಒಂದು ಅರ್ಜಿ ಬರುತ್ತದೆ, ಯಾಕೆ ಬೇಕು ಎಂದು ಕೇಳುತ್ತದೆ. ಕ್ಲಾಸಿಗೆ ಬೇಕಾದದ್ದಾದರೆ ಹಾಗೆಂದೇ ಬರೆಯಿರಿ. "ಸುಮ್ನೆ ಬೇಜಾರು" ಎಂದರೆ ಕೊಡುವುದು ಕಷ್ಟ. ಅದನ್ನು ತೆರೆಯಲು ಲೈಬ್ರರಿ ಬೇರೆ ದುಡ್ಡು ಕೊಡಬೇಕು.

ಡಿವಿಡಿ ಕಪಾಟನ್ನೂ ಬಿಡಬೇಡಿ. ಇದರಲ್ಲಿ ನಾನೊಂದು ಪಾಠ ಕಲಿತಿದ್ದೇನೆ. ಡಿವಿಡಿ ಯಾವ ಪ್ರದೇಶದಲ್ಲಿ ಓಡಬೇಕು ಎನ್ನುವುದಕ್ಕೆ ಒಂದು ರೀಜನ್ ನಂಬರ್ ಇರುತ್ತದೆ. ಭಾರತದ ಡಿವಿಡಿಗೆ ರೀಜನ್ 5, ಅಮೆರಿಕದ್ದಕ್ಕೆ ರೀಜನ್ 1. ಲ್ಯಾಪ್‌ಟಾಪಿನ ಡ್ರೈವ್ ಐದು ಸಲ ಮಾತ್ರ ರೀಜನ್ ಬದಲಾಯಿಸಲು ಬಿಡುತ್ತದೆ. ನಾನು ಊರಿನದ್ದೊಂದು, ಲೈಬ್ರರಿಯದ್ದೊಂದು ಎಂದು ಹಾಕಿ ತೆಗೆದು ಮಾಡಿದೆ. ಕೊನೆಗೆ ಅದು ಊರಿನ ರೀಜನ್ನಿಗೇ ಕಚ್ಚಿಕೊಂಡಿತು. ಲೈಬ್ರರಿಯ ಸಾವಿರಾರು ಡಿವಿಡಿಗಳ ಎದುರು ನನ್ನ ಹತ್ತಿರ ಉಳಿದದ್ದು ಊರಿಂದ ತಂದ ಎರಡು! ಈಗಿನ ಲ್ಯಾಪ್‌ಟಾಪಿನಲ್ಲಿ ಡ್ರೈವೇ ಇಲ್ಲ. ಕೌಂಟರಿನಲ್ಲಿ ಕೇಳಿ, ಹಲವು ಕಡೆ ಅದನ್ನೂ ಕಡ ಕೊಡುತ್ತಾರೆ.

ಇನ್ನು ಏನು ನೋಡುವುದು? ನವೆಂಬರಿನಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತದೆ. ಆಗ ನೋಡಬೇಕಾದ ಲವ್ ಸ್ಟೋರಿಗಳು ಮೂರು.

ಮೊದಲನೆಯದು ಸತ್ಯಜಿತ್ ರೇ ಅವರ 1964ರ 'ಚಾರುಲತಾ'. ಕತೆ ರವೀಂದ್ರನಾಥ ಟ್ಯಾಗೋರರದು. ಕಾರವಾರದ ಕಡಲತೀರಕ್ಕೆ ಅವರ ಹೆಸರು ಯಾಕಿದೆ ಗೊತ್ತಲ್ವಾ? ಅಣ್ಣ ಸತ್ಯೇಂದ್ರನಾಥ ಅಲ್ಲಿ ಜಡ್ಜ್ ಆಗಿದ್ದಾಗ ಹರೆಯದ ರವೀಂದ್ರರು ಬಂದು ಉಳಿದಿದ್ದರು. ಸಿನಿಮಾದಲ್ಲಿ ಗಂಡನಿಗೆ ಪತ್ರಿಕೆಯದೇ ಧ್ಯಾನ. ಹೆಂಡತಿ ಕಿಟಕಿಯಿಂದ ಕಿಟಕಿಗೆ ಓಡುತ್ತ ದುರ್ಬೀನಿನಲ್ಲಿ ಬೀದಿ ನೋಡುತ್ತಾಳೆ. ಸ್ವಲ್ಪ ಹೊತ್ತಿಗೆ ಗಂಡ ಪಕ್ಕದಲ್ಲೇ ಹಾದುಹೋಗುತ್ತಾನೆ, ಅವನಿಗೆ ಇವಳು ಕಾಣುವುದೇ ಇಲ್ಲ. ಅವಳು ಅವನನ್ನೂ ದುರ್ಬೀನಿನಲ್ಲೇ ನೋಡುತ್ತಾಳೆ. ಹೊಸ ಊರಿನ ಬಾಡಿಗೆ ರೂಮಿನ ಕಿಟಕಿಯಲ್ಲಿ ನಿಂತವರಿಗೆ ಈ ಸೀನ್ ವಿವರಿಸುವುದು ಬೇಕಾಗಿಲ್ಲ.

ಎರಡನೆಯದು 1945ರ 'ಬ್ರೀಫ್ ಎನ್‌ಕೌಂಟರ್', ಡೇವಿಡ್ ಲೀನ್ ಅವರದು. ಮದುವೆಯಾದ ಇಬ್ಬರು, ಒಂದು ರೈಲ್ವೆ ಸ್ಟೇಷನ್, ಟೀ ಅಂಗಡಿ, ಪ್ರತಿ ಗುರುವಾರ. ಅಷ್ಟೇ. ಕೊಂಕಣ ರೈಲಿಗೆ ಕುಮಟಾದಲ್ಲೋ ಅಂಕೋಲಾದಲ್ಲೋ ಕಾದು ಕೂತವರಿಗೆ ಗೊತ್ತು, ಸಣ್ಣ ಸ್ಟೇಷನ್ನಿನಲ್ಲಿ ರೈಲು ಬರುವ ಮುಂಚಿನ ಹತ್ತು ನಿಮಿಷ ಎಷ್ಟು ಉದ್ದ ಎಂದು.

ಮೂರನೆಯದು ಫ್ರೆಂಚ್. 'ದಿ ಅಂಬ್ರೆಲಾಸ್ ಆಫ್ ಶೆರ್ಬೂರ್ಗ್', ಇದೂ 1964ರದ್ದೇ. ಶುರುವಿನಲ್ಲೇ ಮಳೆ, ಮೇಲಿನಿಂದ ನೋಡಿದ ಬಣ್ಣಬಣ್ಣದ ಕೊಡೆಗಳು. ಶಿರಸಿಯವರಿಗೆ ಇನ್ನೇನು ಬೇಕು! ಮಾತೆಲ್ಲ ಹಾಡಿನಲ್ಲೇ, ಗ್ಯಾರೇಜಿನವನ ಮಾತು ಕೂಡ. ಮೊದಲ ಹತ್ತು ನಿಮಿಷ ನಗು ಬರುತ್ತದೆ, ತಡೆದುಕೊಳ್ಳಿ. ಹುಡುಗ ಯುದ್ಧಕ್ಕೆ ಹೋಗುತ್ತಾನೆ, ಹುಡುಗಿ ಕಾಯುತ್ತಾಳೆ. ಊರಿನಲ್ಲಿ ಯಾರನ್ನಾದರೂ ಬಿಟ್ಟು ಬಂದಿದ್ದರೆ ಪರೀಕ್ಷೆಯ ಹಿಂದಿನ ರಾತ್ರಿ ನೋಡಬೇಡಿ. ಇಂಗ್ಲಿಷ್ ಹೆಸರಿನಲ್ಲಿ ಸಿಗದಿದ್ದರೆ ಜಾಕ್ ದೆಮಿ ಎಂದು ನಿರ್ದೇಶಕರ ಹೆಸರಿನಿಂದ ಹುಡುಕಿ. ಲೈಬ್ರರಿಗಳು ಎಷ್ಟೋ ಸಲ ಮೂಲ ಭಾಷೆಯ ಹೆಸರಿನಲ್ಲೇ ಬರೆದಿಟ್ಟಿರುತ್ತವೆ.

ಕನ್ನಡದ್ದು ಸಿಗುವುದು ಕಡಿಮೆ. ಬೇರೆ ಯೂನಿವರ್ಸಿಟಿಯಿಂದ ತರಿಸಿಕೊಡುವ ವ್ಯವಸ್ಥೆ ಇರುತ್ತದೆ, ಕೇಳಿ ನೋಡಿ. ಓದು ಮುಗಿದ ಮೇಲೆ ಈ ಲಾಗಿನ್ ಸಾಮಾನ್ಯವಾಗಿ ನಿಂತುಹೋಗುತ್ತದೆ. ಅಷ್ಟರೊಳಗೆ ಅಲ್ಲಿ ನೀವಿರುವ ಊರಿನ ಪಬ್ಲಿಕ್ ಲೈಬ್ರರಿ ಕಾರ್ಡ್ ಮಾಡಿಸಿಕೊಳ್ಳಿ.

ಹುಡುಗ ಎದ್ದು ಹೊರಟವನು ಬಾಗಿಲಲ್ಲಿ ನಿಂತ. "ಅಣ್ಣ, ಪಾಸ್‌ವರ್ಡ್ ಇಲ್ಲಿ ಒಬ್ಬರಿಗೆ ಕೊಡಬಹುದಾ?" ಯಾರಿಗೆ ಎಂದು ನಾನು ಕೇಳಲಿಲ್ಲ. ಕೊಡಬೇಡ ಎಂದೆ. ಅದೇ ಲಾಗಿನ್ನಿನಲ್ಲಿ ನಿನ್ನ ಅಸೈನ್‌ಮೆಂಟೂ ಇರುತ್ತದೆ, ಬಂದ್ ಮಾಡಿದರೆ ಎರಡೂ ಹೋಗುತ್ತವೆ. ಅವರು ಇಲ್ಲೇ ಬೇರೆ ಕಡೆ ಅದೇ ಸಿನಿಮಾ ಹಾಕಿಕೊಳ್ಳಲಿ. ಅಲ್ಲಿನ ಬೇಸಿಗೆಯಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ ಹನ್ನೊಂದು ಎಂದರೆ ಇಲ್ಲಿ ರಾತ್ರಿ ಎಂಟೂವರೆ. ಫೋನ್ ಹಚ್ಚಿಟ್ಟು ಇಬ್ಬರೂ ಒಟ್ಟಿಗೆ ಶುರು ಮಾಡಿ. ಮಳೆಗೆ ಇಲ್ಲಿ ಕರೆಂಟ್ ಹೋದರೆ ನೀನೂ ನಿಲ್ಲಿಸಿ ಕಾಯಬೇಕು, ಮುಂದೆ ನೋಡಬಾರದು.