ಜಮೈಕಾದ ರಿಜಿಸ್ಟರ್ ಲೇಬಲ್: ಕೀಳಬೇಡಿ, ಓದಿ

ಅಂಚೆಚೀಟಿಯನ್ನು ನೀರಲ್ಲಿ ನೆನೆಸಿ ಬಿಡಿಸುವ ಅಭ್ಯಾಸ ನಮಗೆಲ್ಲ ಚಿಕ್ಕಂದಿನಿಂದ ಇದೆ, ಅಲ್ವಾ? ಅದೇ ರೂಢಿಯಲ್ಲಿ ಬ್ರಿಟಿಷ್ ಕಾಲದ ಜಮೈಕಾ ಲಕೋಟೆಯ ರಿಜಿಸ್ಟರ್ ಲೇಬಲ್ಲನ್ನೂ, ಅಂದರೆ ರಿಜಿಸ್ಟರ್ ಮಾಡಿದ ಪತ್ರಕ್ಕೆ ಅಂಚೆ ಕಚೇರಿಯವರು ಅಂಟಿಸುತ್ತಿದ್ದ ನಂಬರಿನ ಕಾಗದವನ್ನೂ, ನೀರಿಗೆ ಹಾಕಿದವರನ್ನು ನೋಡಿದ್ದೇನೆ. ಆಮೇಲೆ ಕೈಯಲ್ಲಿ ಉಳಿಯುವುದು ರಿಜಿಸ್ಟರ್ ಎಂಬುದರ ಒಂದು ‘ಆರ್’, ಒಂದು ಊರು, ಒಂದು ನಂಬರು. ಯಾವ ವರ್ಷ, ಯಾವ ದಾರಿ, ಎಷ್ಟು ದುಡ್ಡು ಎಂಬುದೆಲ್ಲ ಲಕೋಟೆಯ ಜೊತೆಗೇ ಹೋಯಿತು.

ಮೊದಲು ಕೈ ತೊಳೆದು ಒರೆಸಿಕೊಳ್ಳಿ. ಲಕೋಟೆಯ ಎರಡೂ ಬದಿಯ ಫೋಟೊ ತೆಗೆಯಿರಿ.

ಈಗ ಲೇಬಲ್. ಜಾಸ್ತಿ ಜನ ಎಡವುವುದು ಇಲ್ಲೇ. ಅದರಲ್ಲಿರುವುದು ರಿಜಿಸ್ಟರ್ ಮಾಡಿದ ಅಂಚೆ ಕಚೇರಿಯ ಹೆಸರು, ಕಳಿಸಿದವರ ಊರಲ್ಲ. ಫಾಲ್ಮತ್ ಜಮೈಕಾದಲ್ಲೂ ಇದೆ, ಇಂಗ್ಲೆಂಡಿನಲ್ಲೂ ಇದೆ. ಹಾಗಾಗಿ ಹೆಸರನ್ನು ಅಂಚೆಚೀಟಿಯ ಮೇಲಿನ ಮೊಹರಿನ ಜೊತೆ ಹೋಲಿಸಿ. ಹೆಸರನ್ನು ಕೈಯಲ್ಲಿ ಬರೆದಿದ್ದರೆ ಅಥವಾ ಸೀಲು ಒತ್ತಿದ್ದರೆ ನಕಲಿ ಎಂದು ಬಿಸಾಡಬೇಡಿ. ಹೆಸರು ಅಚ್ಚಾದ ಲೇಬಲ್ ಇಲ್ಲದಾಗ ಖಾಲಿ ಲೇಬಲ್ಲನ್ನೇ ಬಳಸುವುದಿತ್ತು. ನನಗಂತೂ ಅವೇ ಹೆಚ್ಚು ಇಷ್ಟ. ನಂಬರಿನಿಂದ ವರ್ಷ ಊಹಿಸಲು ಮಾತ್ರ ಹೋಗಬೇಡಿ.

ಲೇಬಲ್ ಆ ಲಕೋಟೆಯದ್ದೇ? ಭೂತಗನ್ನಡಿ ಹಿಡಿದು ನೋಡಿ. ಮೊಹರಿನ ಶಾಯಿಯೋ ನೀಲಿ ಗೆರೆಯೋ ಲಕೋಟೆಯಿಂದ ಲೇಬಲ್ ಮೇಲೆ ಕಡಿಯದೆ ಹಾದುಹೋಗಿದ್ದರೆ ಒಳ್ಳೆಯ ಸಾಕ್ಷಿ. ಅಡ್ಡಕ್ಕೂ ಉದ್ದಕ್ಕೂ ಎಳೆದ ಆ ನೀಲಿ ಗೆರೆಗಳು ರಿಜಿಸ್ಟರ್ ಪತ್ರದ ಗುರುತು. ಮಕ್ಕಳು ಗೀಚಿದ್ದು ಎಂದುಕೊಂಡು ರಬ್ಬರ್ ಹಾಕೀರಿ, ಜೋಕೆ!

ಹಿಂಬದಿಯ ಮೊಹರುಗಳನ್ನು ತಾರೀಖಿನ ಕ್ರಮದಲ್ಲಿ ಬರೆದುಕೊಳ್ಳಿ. ರಿಜಿಸ್ಟರ್ ಪತ್ರವನ್ನು ದಾರಿಯುದ್ದಕ್ಕೂ ಲೆಕ್ಕವಿಟ್ಟು ದಾಟಿಸುತ್ತಿದ್ದರು. ಅದಕ್ಕೇ ಸಣ್ಣ ಊರು, ರಾಜಧಾನಿ ಕಿಂಗ್‌ಸ್ಟನ್, ಲಂಡನ್ ಹೀಗೆ ಪತ್ರ ನಡೆದ ದಾರಿ ಕಾಣುತ್ತದೆ.

ಲೇಬಲ್ ಇಲ್ಲದೆ ಅಂಡಾಕಾರದೊಳಗಿನ ‘ಆರ್’ ಮೊಹರು ಮಾತ್ರ ಇದೆಯೇ? ಯಾರೋ ಕಿತ್ತಿದ್ದಾರೆ ಎಂದು ಸುಮ್ನೆ ಬೇಸರಪಡಬೇಡಿ. ಬ್ರಿಟನ್ನಿನಲ್ಲೇ ಲೇಬಲ್ ಬಂದದ್ದು 1907ರಲ್ಲಿ, ಅದಕ್ಕೂ ಹಳೆಯ ಪತ್ರವಾದರೆ ಲೇಬಲ್ ಇರಲಿಕ್ಕಿಲ್ಲ.

ಅಂಚೆಚೀಟಿಗಳ ಬೆಲೆ ಕೂಡುವಾಗ ಆಗಿನ ಬ್ರಿಟಿಷ್ ಲೆಕ್ಕದಂತೆ 12 ಪೆನ್ಸ್‌ಗೆ ಒಂದು ಶಿಲಿಂಗ್. ಅಂಚೆ ದರ, ರಿಜಿಸ್ಟರ್ ಶುಲ್ಕ ಎರಡೂ ಆ ಮೊತ್ತದಲ್ಲಿ ಸೇರಿರುತ್ತವೆ. ಚೀಟಿಯ ಮೇಲೆ ‘ಇಂಡಿಪೆಂಡೆನ್ಸ್ 1962’ ಎಂದು ಅಚ್ಚೊತ್ತಿದ್ದರೆ ಅದು ವಸಾಹತಿನ ಕಾಲದ ಪತ್ರವಲ್ಲ. ಜಮೈಕಾ ಸ್ವತಂತ್ರವಾದದ್ದು 1962ರ ಆಗಸ್ಟ್ 6ರಂದು.

ಲಕೋಟೆಯನ್ನು ಇಡುವುದು ಪಾಲಿಯೆಸ್ಟರ್ ಪ್ಲಾಸ್ಟಿಕ್ ಕವರಿನಲ್ಲೇ. ಅಂಟಿನ ಹಾಳೆಯ ಫೋಟೊ ಆಲ್ಬಮ್, ಅಗ್ಗದ ಪಿವಿಸಿ ಕವರ್ ಬೇಡವೇ ಬೇಡ. ಲೇಬಲ್ಲಿನ ಅಂಚು ಎದ್ದಿದ್ದರೆ ಹಾಗೇ ಬಿಡಿ, ಸೆಲೋಟೇಪ್ ಹಚ್ಚಬೇಡಿ. ಅದರ ಕಂದು ಕಲೆ ಹೋಗುವುದಿಲ್ಲ. ನಿಮ್ಮ ಟಿಪ್ಪಣಿ ಬೇರೆ ಕಾಗದದಲ್ಲಿರಲಿ, ಲಕೋಟೆಯ ಮೇಲೆ ಪೆನ್ಸಿಲ್ಲೂ ತಾಕಬಾರದು.