ಓಡಿಸಿದರೂ ಇಳಿಯದ ತೂಕ ಐದು ಅಭ್ಯಾಸಕ್ಕೆ ಬಗ್ಗಿತು: ನನ್ನ ಅನುಭವ

ಹೈಸ್ಕೂಲ್ ಮಕ್ಕಳ ತೂಕ ಹಿಡಿತಕ್ಕೆ ಬರಬೇಕಾದರೆ ಬರೀ ಓಡಿಸಿದರೆ ಸಾಲದು, ನಿದ್ದೆ, ಬೆಳಗಿನ ತಿಂಡಿ, ಸಿಹಿ ಪಾನೀಯ, ಮೊಬೈಲ್, ಆಟ ಐದನ್ನೂ ಒಟ್ಟಿಗೇ ಹಿಡಿಯಬೇಕು ಅಂತ ಹಿಂದೆ ಒಂದು ತಾಲೂಕು ಕ್ರೀಡಾಕೂಟದಲ್ಲಿ ಹೇಳಿದ್ದೆ. ಜೊತೆಗಿದ್ದ ಪಿಟಿ ಮೇಷ್ಟ್ರುಗಳು ಒಪ್ಪಲಿಲ್ಲ. "ನಮ್ಮ ಕೆಲಸ ಓಡಿಸೋದು ರೀ, ಮಲಗಿಸೋದಲ್ಲ" ಅಂದರು ಒಬ್ಬರು. ಈಗ ಅವರೇ ಫೋನ್ ಮಾಡಿ, ಈ ಐದಕ್ಕೂ ಮಕ್ಕಳು ದಿನಾ ಟಿಕ್ ಹಾಕಲು ನಾನು ಮಾಡಿದ ಕಾರ್ಡ್ ಕಳಿಸಿ ಅಂತಾರೆ. ಒಬ್ಬೊಬ್ಬರಿಗೆ ಹೇಳುವ ಬದಲು ಇಲ್ಲೇ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿಟಿ ಮೇಷ್ಟ್ರು. ಬಿಎಂಐ (ಕೆಜಿ ತೂಕವನ್ನು ಮೀಟರ್ ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ) ತೆಗೆಯೋದು, ಶಟಲ್ ರನ್ ಹಾಕಿಸೋದು ನಿಮಗೆಲ್ಲ ಗೊತ್ತಿರೋದೇ, ಅದನ್ನು ಬರೆಯಲ್ಲ. ಒಂದು ವಿಷಯ ಮಾತ್ರ ಹೇಳಲೇಬೇಕು. ದೊಡ್ಡವರ ಬಿಎಂಐ ಕೋಷ್ಟಕ ಇಟ್ಟುಕೊಂಡು 13 ವರ್ಷದವರನ್ನು ಅಳೆಯಬೇಡಿ. ಮಕ್ಕಳ ಡಾಕ್ಟರುಗಳ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2015ರಲ್ಲಿ ಕೊಟ್ಟ ಚಾರ್ಟ್ ಇದೆ, 5ರಿಂದ 18 ವರ್ಷದವರಿಗೆ, ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ದೊಡ್ಡವರ ಬಿಎಂಐ 23 (ಅತಿತೂಕ) ಮತ್ತು 27ಕ್ಕೆ (ಬೊಜ್ಜು) ಸಮನಾದ ಗೆರೆಗಳು ಅದರಲ್ಲಿ ವಯಸ್ಸಿಗೆ ತಕ್ಕ ಹಾಗೆ ಏರುತ್ತಾ ಹೋಗುತ್ತವೆ. ಚಾರ್ಟ್ ಕೈಯಲ್ಲಿ ಇಲ್ಲದಾಗ ನಾನು ದಾರ ಬಳಸುತ್ತೇನೆ. ಹುಡುಗನ ಎತ್ತರಕ್ಕೆ ಸರಿಯಾಗಿ ದಾರ ಕತ್ತರಿಸಿ, ಎರಡು ಮಡಿಕೆ ಮಾಡಿ, ಹೊಕ್ಕುಳಿನ ಮಟ್ಟದಲ್ಲಿ ಸುತ್ತಿಸುತ್ತೇನೆ. ಎರಡು ತುದಿ ಕೂಡದಿದ್ದರೆ ಸೊಂಟ ಎತ್ತರದ ಅರ್ಧಕ್ಕಿಂತ ಜಾಸ್ತಿ ಇದೆ ಅಂತ. ಸಂಖ್ಯೆ ಯಾರಿಗೂ ಕೇಳಿಸಲ್ಲ, ಮಗುವಿಗೆ ಅವಮಾನ ಇಲ್ಲ.

ಈ ಅವಮಾನದ ಮಾತು ಸಣ್ಣದಲ್ಲ. ಹಿಂದೆ ಒಂದು ತಪಾಸಣೆ ಶಿಬಿರದವರು ಬಂದು ಸಾಲಾಗಿ ನಿಲ್ಲಿಸಿ ತೂಕ ಕೂಗಿ ಹೇಳಿ ಬರೆಸಿಕೊಂಡರು. 9ನೇ ಕ್ಲಾಸಿನ ಇಬ್ಬರು ಹುಡುಗಿಯರು ಅವತ್ತಿನಿಂದ ಒಂದು ವಾರ ಶಾಲೆಗೇ ಬರಲಿಲ್ಲ. ಬಂದ ಮೇಲೂ ಪಿಟಿ ಪೀರಿಯಡ್ಡಿಗೆ ಹೊಟ್ಟೆನೋವು ಅಂತ ಕ್ಲಾಸಿನಲ್ಲೇ ಕೂರುತ್ತಿದ್ದರು.

ಮೊದಲು ನಡೆಯದೇ ಹೋದದ್ದನ್ನು ಹೇಳಿಬಿಡುತ್ತೇನೆ, ಯಾಕಂದ್ರೆ ನೀವೂ ಅದಕ್ಕೇ ದುಡ್ಡು ಹಾಕುತ್ತೀರಿ.

ಶಾಲೆ ಬಿಟ್ಟ ಮೇಲೆ ಎಕ್ಸ್‌ಟ್ರಾ ರೌಂಡ್. ಸುಮಾರು ಒಂದು ಟರ್ಮ್ ಪೂರ್ತಿ ಓಡಿಸಿದೆವು. ಸ್ಟ್ಯಾಮಿನಾ ಚೆನ್ನಾಗಿ ಬಂತು, ಅದು ಸುಳ್ಳಲ್ಲ. ತೂಕ ಮಾತ್ರ ಅಲ್ಲೇ ಇತ್ತು, ಕೆಲವರದ್ದು ಏರಿತ್ತು ಕೂಡ. ಗೇಟಿನ ಹೊರಗೆ ನಿಂತು ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಓಡಿ ಹಸಿದ ಮಕ್ಕಳು ನೇರ ಗಾಡಿಗೆ ಹೋಗಿ ಎರಡು ಮೆಣಸಿನಕಾಯಿ ಬಜ್ಜಿ, ಒಂದು ಪ್ಲೇಟ್ ಮಂಡಕ್ಕಿ, ಮೇಲೊಂದು ಕೂಲ್‌ಡ್ರಿಂಕ್ ಏರಿಸುತ್ತಿದ್ದರು. 600 ಎಂಎಲ್ ಬಾಟಲಿಯಲ್ಲಿ 60 ಗ್ರಾಂ ದಾಟಿ ಸಕ್ಕರೆ ಇರುತ್ತದೆ. ಅರ್ಧ ಗಂಟೆ ಓಡಿದ್ದು ಆ ಬಾಟಲಿಗೇ ಸರಿಹೋಯಿತು.

ಆಮೇಲೆ ಡಯಟ್ ಚಾರ್ಟ್. ಒಬ್ಬ ಡಯಟಿಷಿಯನ್ ಕರೆಸಿ ಮಾಡಿಸಿದೆವು, ಏಳೆಂಟು ಸಾವಿರ ಖರ್ಚಾಗಿರಬೇಕು. ಓಟ್ಸ್, ಬ್ರೌನ್ ರೈಸ್, ಸಲಾಡ್. ಮನೆಯಲ್ಲಿ ಆರು ಜನಕ್ಕೆ ಒಂದೇ ಅಡುಗೆ ಆಗುತ್ತೆ, ಒಬ್ಬನಿಗೆ ಬೇರೆ ಪಾತ್ರೆ ಯಾರು ಇಡ್ತಾರೆ? ಚಾರ್ಟ್ ಫ್ರಿಜ್ ಮೇಲೆ ಅಂಟಿಕೊಂಡೇ ಉಳಿಯಿತು.

ಫಿಟ್‌ನೆಸ್ ಬ್ಯಾಂಡ್ ಕೂಡ ತಂದೆವು. ಒಂದೊಂದು ಸಾವಿರದಿಂದ ಸಾವಿರದ ಇನ್ನೂರು, ಹತ್ತು ಹನ್ನೆರಡು ಬ್ಯಾಂಡ್, ಮ್ಯಾನೇಜ್‌ಮೆಂಟ್‌ನವರನ್ನು ಒಪ್ಪಿಸಿ ತಂದದ್ದು. ಮಕ್ಕಳು ಬೆಂಚಿನ ಮೇಲೆ ಕೂತು ಕೈ ಅಲ್ಲಾಡಿಸಿ ಸ್ಟೆಪ್ಸ್ ಏರಿಸೋದು ಕಲಿತರು. ಈಗ ಅವು ಸ್ಪೋರ್ಟ್ಸ್ ರೂಮಿನ ಬೀರುವಿನಲ್ಲಿವೆ.

ದಾರಿ ಸಿಕ್ಕಿದ್ದು ಒಬ್ಬ ಹುಡುಗನ ದಿನಚರಿ ಬರೆದಾಗ. 9ನೇ ಕ್ಲಾಸ್, ಕಬಡ್ಡಿಯಲ್ಲಿ ಒಳ್ಳೆ ಡಿಫೆಂಡರ್, ಆದರೂ ತೂಕ ಏರುತ್ತಲೇ ಇತ್ತು. ಕತ್ತಿನ ಹಿಂದೆ ಕಪ್ಪು ಪಟ್ಟಿ, ಮುಟ್ಟಿದರೆ ಸ್ವಲ್ಪ ದಪ್ಪ, ಒರಟು. ಅವರ ಅಮ್ಮ ಅದನ್ನು ಕೊಳೆ ಅಂದುಕೊಂಡು ಕಡಲೆಹಿಟ್ಟು ಹಾಕಿ ತಿಕ್ಕುತ್ತಿದ್ದರು. ಅದು ಕೊಳೆ ಅಲ್ಲ. ದಪ್ಪ ಇರುವ ಮಕ್ಕಳಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಾಗ ಅಲ್ಲಿ ಚರ್ಮ ಹಾಗಾಗುತ್ತದೆ. ಅಂಥವರನ್ನು ಡಾಕ್ಟರ ಹತ್ತಿರ ಕಳಿಸಿ, ನೀವೇ ನಿಭಾಯಿಸಲು ಹೋಗಬೇಡಿ. ರಾತ್ರಿ ಜೋರಾಗಿ ಗೊರಕೆ ಹೊಡೆಯುವವರನ್ನೂ, ಮುಟ್ಟು ತೀರಾ ಏರುಪೇರಾದ ಹುಡುಗಿಯರನ್ನೂ ಅಷ್ಟೇ.

ಇವನ ಒಂದು ದಿನ ಹೇಗಿತ್ತು ನೋಡಿ. ಐದಕ್ಕೆ ಏಳೋದು, ಐದೂವರೆಗೆ ಗಣಿತದ ಟ್ಯೂಷನ್. ಬೆಳಗ್ಗೆ ಹಸಿವಿಲ್ಲ, ಟೀ ಜೊತೆ ನಾಲ್ಕು ಬಿಸ್ಕತ್. ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ. ನಾಲ್ಕೂವರೆಗೆ ಬಜ್ಜಿ ಗಾಡಿ. ಆರಕ್ಕೆ ಮತ್ತೆ ಟ್ಯೂಷನ್. ಹತ್ತಕ್ಕೆ ಮೊಬೈಲ್ ನೋಡುತ್ತಾ ಊಟ, ಎಷ್ಟು ತಿಂದೆ ಅಂತ ಅವನಿಗೇ ಗೊತ್ತಿಲ್ಲ. ಮಲಗೋದು ಹನ್ನೆರಡೂವರೆ. ಅಂದರೆ ನಿದ್ದೆ ನಾಲ್ಕೂವರೆ ಗಂಟೆ. ಈ ವಯಸ್ಸಿಗೆ 8ರಿಂದ 10 ಗಂಟೆ ಬೇಕು. ನಿದ್ದೆ ಕಡಿಮೆಯಾದರೆ ಹಸಿವು ಹೆಚ್ಚಿಸುವ ಹಾರ್ಮೋನ್ ಗ್ರೆಲಿನ್ ಏರುತ್ತೆ, ಸಾಕು ಅನ್ನಿಸುವ ಲೆಪ್ಟಿನ್ ಇಳಿಯುತ್ತೆ, ಬಾಯಿ ಕರಿದದ್ದು ಸಿಹಿ ಇಂಥದ್ದನ್ನೇ ಕೇಳುತ್ತೆ. ರಾತ್ರಿ ತಡವಾಗಿ ತಿಂದವನಿಗೆ ಬೆಳಗ್ಗೆ ಹಸಿವಿಲ್ಲ, ಬೆಳಗ್ಗೆ ತಿನ್ನದವನು ಸಂಜೆ ಗಾಡಿ ಮುಂದೆ, ಸುಸ್ತಾದವನು ಆಟ ಬಿಟ್ಟು ಮೊಬೈಲ್ ಹಿಡೀತಾನೆ, ಮೊಬೈಲ್ ಹಿಡಿದವನು ಮತ್ತೆ ತಡವಾಗಿ ಮಲಗ್ತಾನೆ. ಒಂದಕ್ಕೊಂದು ಗಂಟು ಬಿದ್ದಿದೆ. ಇದರಲ್ಲಿ ಓಟ ಒಂದನ್ನೇ ಹಿಡಿದು ಎಳೆದರೆ ಏನು ಬಿಚ್ಚುತ್ತೆ?

ಹಾಗಾಗಿ ಕಾರ್ಡ್ ಮಾಡಿದೆ. ಒಂದು ತಿಂಗಳಿಗೆ ಒಂದು ಕಾರ್ಡ್, ದಿನಕ್ಕೆ ಐದು ಚೌಕ. ಎಂಟು ಗಂಟೆ ನಿದ್ದೆ. ಮನೆಯಲ್ಲಿ ಕೂತು ತಿಂಡಿ. ಸಿಹಿ ಪಾನೀಯ ಇಲ್ಲ. ಓದಿಗಲ್ಲದ ಮೊಬೈಲ್, ಟಿವಿ ಎರಡು ಗಂಟೆ ಒಳಗೆ. ಒಂದು ಗಂಟೆ ಬೆವರು. ಈ ಒಂದು ಗಂಟೆ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ 5ರಿಂದ 17 ವರ್ಷದವರಿಗೆ ಹೇಳಿದ್ದು, ದಿನಕ್ಕೆ ಸರಾಸರಿ 60 ನಿಮಿಷ. ಕಾರ್ಡಿನಲ್ಲಿ ತೂಕಕ್ಕೆ ಜಾಗವೇ ಇಲ್ಲ. ಐದರಲ್ಲಿ ಮೂರು ಟಿಕ್ ಬಿದ್ದರೆ ಆ ದಿನ ಪಾಸ್. ಐದಕ್ಕೈದೂ ಬೇಕು ಅಂದರೆ ಎರಡನೇ ದಿನಕ್ಕೇ ಕೈ ಬಿಡ್ತಾರೆ, ಇಲ್ಲಾ ಸುಳ್ಳು ಟಿಕ್ ಹಾಕ್ತಾರೆ. ದಪ್ಪ ಇದ್ದವರಿಗೆ ಮಾತ್ರ ಅಲ್ಲ, ಕ್ಲಾಸಿನ ಎಲ್ಲರಿಗೂ ಕೊಟ್ಟೆ, ನಾಲ್ಕೈದು ಜನರ ಗುಂಪು ಮಾಡಿ. ನಾನು ಲೆಕ್ಕ ಇಟ್ಟದ್ದು ಸುಮಾರು ನಲವತ್ತು ಮಕ್ಕಳದ್ದು, ಅದು ಯಾರ್ಯಾರು ಅಂತ ನನಗೆ ಮಾತ್ರ ಗೊತ್ತಿತ್ತು.

ನಿದ್ದೆಯಿಂದಲೇ ಶುರು ಮಾಡಿ. ಇದು ನನ್ನ ಗಟ್ಟಿ ಅಭಿಪ್ರಾಯ. ಈ ವಯಸ್ಸಿಗೆ ದೇಹದ ಗಡಿಯಾರವೇ ತಡವಾಗಿ ನಡೆಯುತ್ತೆ, ರಾತ್ರಿ ಹತ್ತಕ್ಕೆ ನಿದ್ದೆ ಬರಲ್ಲ. ಹಾಗಾಗಿ ಬೈದರೆ ಪ್ರಯೋಜನ ಇಲ್ಲ, ಹತ್ತು ಗಂಟೆಗೆ ಫೋನ್ ಕೋಣೆಯಿಂದ ಹೊರಗೆ ಹೋಗಬೇಕು ಅಷ್ಟೇ. ಅಪ್ಪನ ಫೋನೂ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗಬೇಕು, ಇಲ್ಲದಿದ್ದರೆ ಮಕ್ಕಳು ಒಪ್ಪಲ್ಲ. ಅಪ್ಪಂದಿರನ್ನು ಇದಕ್ಕೆ ಹೇಗೆ ಒಪ್ಪಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ, ಎದುರಿಗೆ ಸಿಕ್ಕಾಗ ಕೇಳಿ. ಬೆಳಗಿನ ಟ್ಯೂಷನ್ನಿನವರ ಜೊತೆ ಮಾತಾಡಿದ್ದೇ ದೊಡ್ಡ ಕೆಲಸ. ಇಬ್ಬರು ಆರೂವರೆಗೆ ತಳ್ಳಿದರು, ಒಬ್ಬರು ಸುತರಾಂ ಒಪ್ಪಲಿಲ್ಲ. ಎಸ್‌ಎಸ್‌ಎಲ್‌ಸಿ ಮಕ್ಕಳಲ್ಲಿ ನಿದ್ದೆಯ ಚೌಕ ಡಿಸೆಂಬರ್ ಆದ ಮೇಲೆ ಖಾಲಿಯೇ ಇರುತ್ತಿತ್ತು. ಇದಕ್ಕೆ ನನ್ನ ಹತ್ತಿರ ಇನ್ನೂ ಪರಿಹಾರ ಇಲ್ಲ.

ಪಾನೀಯಕ್ಕೆ ಭಾಷಣ ಮಾಡಲಿಲ್ಲ. ಸೈನ್ಸ್ ಲ್ಯಾಬಿನ ತಕ್ಕಡಿ ತಂದು, ಬಾಟಲಿ ಮೇಲಿನ ಲೇಬಲ್ ಓದಿಸಿ, ಅಷ್ಟು ಸಕ್ಕರೆಯನ್ನು ಮಕ್ಕಳ ಕೈಯಲ್ಲೇ ತೂಗಿಸಿ ಸ್ಟೀಲ್ ಲೋಟಕ್ಕೆ ಹಾಕಿಸಿದೆ. ಚಮಚ ಚಮಚವಾಗಿ ಬೀಳುತ್ತಲೇ ಇತ್ತು, ಹದಿಮೂರೋ ಹದಿನಾಲ್ಕೋ ಚಮಚ. ಹಿಂದಿನ ಬೆಂಚಿನವರೂ ಎದ್ದು ಬಂದು ನೋಡಿದರು. ಅರ್ಧ ಕ್ಲಾಸು ಅವತ್ತಿನಿಂದ ಕಡಿಮೆ ಮಾಡಿತು. ಬಿಸ್ಕತ್ತಿನ ಪ್ಯಾಕೆಟ್ಟಿಗೂ ಹೀಗೇ ಮಾಡಿ ನೋಡಿದೆ, ಅಷ್ಟು ಪರಿಣಾಮ ಆಗಲಿಲ್ಲ.

ಗಾಡಿಯ ವಿಷಯಕ್ಕೆ ಬಂದರೆ, ಕೊಬ್ಬು, ಉಪ್ಪು, ಸಕ್ಕರೆ ಜಾಸ್ತಿ ಇರುವ ತಿನಿಸನ್ನು ಶಾಲೆಯಿಂದ 50 ಮೀಟರ್ ಒಳಗೆ ಮಾರಬಾರದು ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ನಿಯಮ ಇದೆ. ಆ ನಿಯಮ ಹಿಡಿದು ಗಾಡಿಯವನ ಹೊಟ್ಟೆ ಮೇಲೆ ಹೊಡೆಯಲು ನನಗೆ ಮನಸ್ಸು ಬರಲಿಲ್ಲ. ಅವನ ಕೈಯಲ್ಲೇ ನಾಲ್ಕೂವರೆಗೆ ಬೇರೆ ತಿಂಡಿ ಮಾಡಿಸಿದೆ. ಮಂಡಕ್ಕಿ ನಮ್ಮೂರಿನ ಜೀವ, ಅದನ್ನು ಬಿಡಿಸೋಕೆ ಹೋಗಬಾರದು. ಮಂಡಕ್ಕಿಗೆ ಈರುಳ್ಳಿ, ಟೊಮೇಟೊ, ಹುರಿದ ಶೇಂಗಾ, ಮೊಳಕೆ ಹೆಸರುಕಾಳು, ನಿಂಬೆಹುಳಿ, ಬಜ್ಜಿ ಇಲ್ಲ. ಮೇಲೆ ಹಾಕುವ ಪುಡಿ ನಮ್ಮ ಮನೆಯದು, ಅದರ ಅಳತೆ ಕೊಡಲ್ಲ. ಪ್ಲೇಟಿಗೆ ಹತ್ತು ರೂಪಾಯಿ, ಜೊತೆಗೆ ಒಂದು ಲೋಟ ಮಜ್ಜಿಗೆ ಐದು ರೂಪಾಯಿ. ಮೊದಮೊದಲು ಮೂರು ರೂಪಾಯಿ ನಾನೇ ಕೈಯಿಂದ ಸೇರಿಸುತ್ತಿದ್ದೆ, ತಿಂಗಳಿಗೆ ಎರಡು ಸಾವಿರದ ಹತ್ತಿರ ಹೋಗುತ್ತಿತ್ತು. ಆಮೇಲೆ ವ್ಯಾಪಾರ ಕುದುರಿತು, ಅವನೇ ಸಾಕು ಸರ್ ಅಂದ.

ಆಟದಲ್ಲಿ ದಪ್ಪ ಮಕ್ಕಳನ್ನು ಓಟದಲ್ಲಿ ಕೊನೆಯವರಾಗಿಸಬೇಡಿ. ಹಗ್ಗಜಗ್ಗಾಟ, ಗುಂಡು ಎಸೆತ, ಕಬಡ್ಡಿ, ಇಲ್ಲಿ ಅವರೇ ರಾಜರು. ಗೆದ್ದವನು ಮಾರನೇ ದಿನ ತಾನಾಗೇ ಬರ್ತಾನೆ. ಹುಡುಗಿಯರು 8ನೇ ಕ್ಲಾಸು ದಾಟಿದ ಕೂಡಲೇ ಮೈದಾನ ಬಿಡ್ತಾರೆ ಅನ್ನೋದು ನಿಮಗೂ ಗೊತ್ತು. ಥ್ರೋಬಾಲ್ ಅಂಕಣವನ್ನು ರಸ್ತೆ ಕಡೆಯಿಂದ ಹಿಂಭಾಗಕ್ಕೆ ಹಾಕಿಸಿದೆ, ಟ್ರ್ಯಾಕ್ ಪ್ಯಾಂಟಿಗೆ ಅನುಮತಿ ತೆಗೆದುಕೊಂಡೆ. ಖರ್ಚು ನೆಟ್ಟು, ಸುಣ್ಣ ಸೇರಿ ಎರಡೂವರೆ ಸಾವಿರ. ಬ್ಯಾಂಡಿಗೆ ಹಾಕಿದ ದುಡ್ಡಿನಲ್ಲಿ ಇಂಥ ನಾಲ್ಕು ಅಂಕಣ ಆಗುತ್ತಿತ್ತು!

ನಡುವೆ ಇನ್ನೂ ಏನೇನೋ ಮಾಡಿ ನೋಡಿದೆ. ಬೆಳಗ್ಗೆ ರಾಗಿ ಅಂಬಲಿ ಕೊಟ್ಟೆ, ಹಳ್ಳಿಯಿಂದ ಬರುವ ಮಕ್ಕಳು ಕುಡಿದರು, ಪೇಟೆಯವರು ಗಿಡಕ್ಕೆ ಹೊಯ್ದರು. ಮೊಬೈಲ್ ಪರದೆಯನ್ನು ಕಪ್ಪು ಬಿಳುಪು ಮಾಡಿಸಿದೆ, ರೀಲ್ಸ್ ನೋಡೋದು ಒಂದು ವಾರ ಕಡಿಮೆಯಾಯ್ತು, ಆಮೇಲೆ ಅದಕ್ಕೂ ಕಣ್ಣು ಒಗ್ಗಿತು. ಸ್ಕಿಪ್ಪಿಂಗ್ ಹಗ್ಗ ಮನೆಗೆ ಕೊಟ್ಟದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು, ಒಂದಕ್ಕೆ ಅರವತ್ತು ರೂಪಾಯಿ, ಕೆಲವು ಮನೆಯಲ್ಲಿ ಅಮ್ಮಂದಿರೂ ಹಿಡಿದರು. ಹಬ್ಬಕ್ಕೆ ಕಾರ್ಡಿಗೆ ರಜೆ. ಹೋಳಿಗೆ ತಿನ್ನಬೇಡ ಅಂದರೆ ಮಗು ಕದ್ದು ತಿನ್ನುತ್ತೆ.

ಫಲಿತಾಂಶ. ನಲವತ್ತರಲ್ಲಿ ವರ್ಷದ ಕೊನೆಯವರೆಗೂ ಕಾರ್ಡ್ ಹಿಡಿದವರು ಇಪ್ಪತ್ತೈದರ ಹತ್ತಿರ. ವಾರದಲ್ಲಿ ಐದು ದಿನವಾದರೂ ಪಾಸಾದವರಲ್ಲಿ ಬಹುಪಾಲು ಮಕ್ಕಳ ತೂಕ ನಿಂತಿತು. ಆಟದ ಚೌಕ ಒಂದಕ್ಕೇ ಟಿಕ್ ಹಾಕಿ ಉಳಿದದ್ದು ಬಿಟ್ಟವರು ಏಳೆಂಟು ಜನ, ಅವರಲ್ಲಿ ಏನೂ ಬದಲಾಗಲಿಲ್ಲ. ನಿದ್ದೆ ಸರಿಹೋದವರಲ್ಲಿ ತಿಂಡಿಯ ಚೌಕ ತಾನಾಗೇ ತುಂಬುತ್ತಾ ಬಂತು. ಇದು ನನ್ನ ಒಂದು ಶಾಲೆಯ ಲೆಕ್ಕ, ಅಷ್ಟೇ ಅಂತ ಇಟ್ಟುಕೊಳ್ಳಿ.

ಆ ಕಬಡ್ಡಿ ಹುಡುಗ ಶುರುವಿನಲ್ಲಿ 150 ಸೆಂಟಿಮೀಟರ್, 58 ಕೆಜಿ ಇದ್ದ. ವರ್ಷದ ಕೊನೆಗೆ 156, 59. ಅವರ ಅಮ್ಮ ಬೇಜಾರು ಮಾಡಿಕೊಂಡರು, "ಒಂದು ಕೆಜಿ ಜಾಸ್ತಿನೇ ಆಗೇತಲ್ಲ ಸರ್, ಇಷ್ಟೆಲ್ಲ ಮಾಡಿ ಏನ್ ಬಂತು?" ಅಂತ. "ಅಮ್ಮಾ, ಬೆಳೆಯೋ ಹುಡುಗನ ತೂಕ ಇಳಿಸಬಾರದು ರೀ, ನಿಲ್ಲಿಸಬೇಕು, ಎತ್ತರ ಬಂದು ಅದನ್ನು ಹಿಡೀತದೆ" ಅಂತ ಬಿಎಂಐ ಹಾಕಿ ತೋರಿಸಿದೆ. 25.8 ಇದ್ದದ್ದು 24.2ಕ್ಕೆ ಬಂದಿತ್ತು. ದಾರ ಸುತ್ತಿ ನೋಡಿದರೆ ತುದಿಗಳ ನಡುವೆ ನಾಲ್ಕು ಬೆರಳಿದ್ದದ್ದು ಒಂದು ಬೆರಳಾಗಿತ್ತು. ಕತ್ತಿನ ಕಪ್ಪು ಇನ್ನೂ ಪೂರ್ತಿ ಹೋಗಿಲ್ಲ, ತಿಳಿಯಾಗಿದೆ, ಡಾಕ್ಟರು ಆರು ತಿಂಗಳಿಗೊಮ್ಮೆ ನೋಡುತ್ತಾರೆ.

ಒಟ್ಟು ಖರ್ಚು ಕಾರ್ಡ್ ಪ್ರಿಂಟು, ಹಗ್ಗ, ಅಂಕಣ, ಮಂಡಕ್ಕಿಗೆ ಸೇರಿಸಿದ್ದು ಎಲ್ಲಾ ಕೂಡಿ ಹದಿನೈದು ಸಾವಿರದ ಆಸುಪಾಸು. ಮಾಡುವವರು ಬೇಸಿಗೆ ರಜೆ ಮುಗಿದ ಎರಡನೇ ವಾರದಲ್ಲಿ ಶುರು ಮಾಡಿ, ರಜೆಗೆ ಮುಂಚೆ ಶುರು ಮಾಡಿದರೆ ಎಲ್ಲಾ ಕೈತಪ್ಪುತ್ತೆ. ಈ ಜೂನ್‌ನಿಂದ ನಾನು ಹಾಸ್ಟೆಲ್ ಮಕ್ಕಳನ್ನು ಸೇರಿಸುತ್ತಿದ್ದೇನೆ. ಅಲ್ಲಿ ಊಟ ಏಳೂವರೆಗೇ ಮುಗಿಯುತ್ತೆ, ಸ್ಟಡಿ ಹನ್ನೊಂದರವರೆಗೆ, ಹತ್ತು ಗಂಟೆಗೆ ಹಸಿದ ಮಕ್ಕಳು ಟ್ರಂಕಿನಿಂದ ಚಿಪ್ಸ್ ತೆಗೀತಾರೆ. ಊಟ ಎಂಟೂವರೆಗೆ ಸರಿಸಿ, ಸ್ಟಡಿ ಹತ್ತಕ್ಕೆ ನಿಲ್ಲಿಸಿ ಅಂತ ವಾರ್ಡನ್ ಹತ್ತಿರ ಕೇಳಿದ್ದೇನೆ. ಅಡುಗೆಯವರು ಒಪ್ಪಿದ್ದಾರೆ, ವಾರ್ಡನ್ ಇನ್ನೂ ಒಪ್ಪಬೇಕು.